ಕೂಗು ಕೇಳಿಸುವ ಮನೆ

ನಮ್ಮಪ್ಪ ಚಿಕ್ಕಮುನಿಯಪ್ಪ ತೀರಿಕೊಂಡಾಗ ಮನೆಗೆ ಬಂದವರೆಲ್ಲ ಒಂದೇ ಮಾತು ಹೇಳಿದರು: ಇರುವೆಗೂ ನೋವು ಮಾಡದ ಮನುಷ್ಯ. ನಾನು ತಲೆಯಾಡಿಸಿದೆ. ಸಾವಿನ ಮನೆಯಲ್ಲಿ ಜಗಳ ತೆಗೆಯುವಷ್ಟು ಕೆಟ್ಟವಳು ನಾನಲ್ಲ. ಆದರೆ ಮರಿಯಪ್ಪ ಎಂಬೊಬ್ಬರು ಆ ದಿನ ಬರಲಿಲ್ಲ. ಯಾಕೆ ಬರಲಿಲ್ಲವೆಂದು ಯಾರೂ ಕೇಳಲೂ ಇಲ್ಲ. ಅದನ್ನು ಹೇಳಬೇಕಾದರೆ ಐವತ್ತೈದನೇ ಇಸವಿಯಲ್ಲಿ ನಾವು ಮನೆ ಹುಡುಕಿದ ಕಥೆಯಿಂದಲೇ ಶುರು ಮಾಡಬೇಕು.

ಅಪ್ಪ ಬಟ್ಟೆ ಮಿಲ್ಲಿನಲ್ಲಿ ನೇಯ್ಗೆಯವನು. ಹದಿನೆಂಟನೇ ವಯಸ್ಸಿಗೆ ಸುಂಕದಕಟ್ಟೆಯಿಂದ ನಡೆದುಕೊಂಡು ಬಂದು ಸೇರಿದವನು ಆ ಹೊತ್ತಿಗೆ ಇಪ್ಪತ್ತೆರಡು ವರ್ಷ ಅಲ್ಲೇ ದುಡಿದಿದ್ದ. ಎರಡು ಮಗ್ಗ ಅವನ ಹೆಸರಿನಲ್ಲಿದ್ದವು. ಆ ಮಗ್ಗಗಳ ಸದ್ದಿನಲ್ಲಿ ಇದ್ದೂ ಇದ್ದೂ ಮನೆಯಲ್ಲೂ ಅವನು ಗಟ್ಟಿಯಾಗಿಯೇ ಮಾತಾಡುತ್ತಿದ್ದ. ಉಪ್ಪು ಕೇಳಿದರೂ ಬೈದ ಹಾಗೆ ಇರುತ್ತಿತ್ತು. ಅವನಿಗೆ ಒಂದೇ ಒಂದು ಜಂಬ. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಗೇಟು ಮುಚ್ಚಿದ ಮೇಲೆ ಬಂದವನಲ್ಲ.

ಆಗ ನಮ್ಮಂಥವರ ಮನೆಯಲ್ಲಿ ಗಡಿಯಾರ ಇರುತ್ತಿರಲಿಲ್ಲ. ಮಿಲ್ಲಿನ ಸೈರನ್ ಕೂಗುತ್ತಿತ್ತು, ನಾವು ಏಳುತ್ತಿದ್ದೆವು. ಬೆಳಗಿನ ಪಾಳಿಗೆ ಮೂರು ಕೂಗು. ಐದೂವರೆಗೆ ಮೊದಲನೆಯದು, ಏಳಿ ಅಂತ. ಆರೂವರೆಗೆ ಎರಡನೆಯದು, ಹೊರಡಿ ಅಂತ. ಏಳಕ್ಕೆ ಮೂರನೆಯದು ಕೂಗಿತೆಂದರೆ ಗೇಟು ಮುಚ್ಚಿತು ಎಂದೇ ಲೆಕ್ಕ. ತಡವಾಗಿ ಬಂದವನ ಮಗ್ಗ ಅವತ್ತು ಬದಲಿಯವನಿಗೆ ಹೋಗುತ್ತಿತ್ತು. ಬದಲಿಯವರೆಂದರೆ ಖಾಯಂ ಇಲ್ಲದವರು. ದಿನಾ ಬೆಳಿಗ್ಗೆ ಗೇಟಿನ ಪಕ್ಕ ಸಾಲಾಗಿ ನಿಂತು, ಯಾರು ಬರಲಿಲ್ಲವೋ ಅವರ ಜಾಗಕ್ಕೆ ಕಾಯುವವರು. ಮೂರು ತಿಂಗಳಲ್ಲಿ ಮೂರು ಸಲ ತಡವಾದರೆ ಖಾಯಮ್ಮಿನವನೂ ಆ ಸಾಲಿಗೆ ಬೀಳುತ್ತಿದ್ದ, ಅವನ ಮಗ್ಗ ಒಬ್ಬ ಬದಲಿಯವನಿಗೆ ಖಾಯಂ ಆಗುತ್ತಿತ್ತು. ಆ ಸಾಲಿನಲ್ಲಿ ನಮ್ಮ ಅಂಜಿನಯ್ಯ ಮಾವನೂ ಮೂರು ವರ್ಷದಿಂದ ನಿಂತಿದ್ದ. ಅಮ್ಮನ ಕೊನೆಯ ತಮ್ಮ. ಮೇಸ್ತ್ರಿಯ ಕೈಕಾಲು ಹಿಡಿದು ಅವನನ್ನು ಅಲ್ಲಿ ನಿಲ್ಲಿಸಿದ್ದು ನಮ್ಮಪ್ಪನೇ.

ನಾವಿದ್ದದ್ದು ಅಕ್ಕಿಪೇಟೆ ಕಡೆಯ ಒಂದು ವಠಾರದಲ್ಲಿ. ಅಲ್ಲಿಂದ ಮಿಲ್ಲಿಗೆ ಹತ್ತು ನಿಮಿಷದ ದಾರಿ. ಮಿಲ್ಲು ಕೂಗಿದರೆ ಅಟ್ಟದ ಮೇಲಿನ ಪಾತ್ರೆಗಳು ನಡುಗುತ್ತಿದ್ದವು. ಆದರೆ ಹನ್ನೊಂದು ಮನೆಗೆ ಒಂದೇ ನಲ್ಲಿ. ನಮ್ಮಮ್ಮ ಅಣ್ಣಮ್ಮನಿಗೆ ಬಾಯಿ ಕಡಿಮೆ. ನಲ್ಲಿಯ ಮುಂದೆ ಬಾಯಿ ಕಡಿಮೆಯಿದ್ದವರ ಬಿಂದಿಗೆ ಯಾವಾಗಲೂ ಕೊನೆಗೇ ಬೀಳುವುದು. ಒಂದು ದಿನ ಪಕ್ಕದ ಮನೆಯಾಕೆ ಅಮ್ಮನ ತುಂಬಿದ ಬಿಂದಿಗೆಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದಳು. ಕೈಯಿಂದ ಸರಿಸಿದ್ದರೆ ಅಮ್ಮ ಸುಮ್ಮನಿರುತ್ತಿದ್ದಳೇನೋ. ಆ ನೀರನ್ನೆಲ್ಲ ಅಲ್ಲೇ ಚೆಲ್ಲಿ ಮನೆಗೆ ಬಂದು ಅಪ್ಪನ ಮುಂದೆ ಕೂತಳು.

“ಈ ನಲ್ಲಿ ಮುಂದೆ ನನ್ನ ಅರ್ಧ ಆಯಸ್ಸು ಹೋಯ್ತು ಕಣ್ರೀ. ಆ ಕಡೆ ಹೊಸ ಬಡಾವಣೆ ಆಗ್ತಾ ಇದೆಯಂತೆ. ಅಲ್ಲೆಲ್ಲಾದ್ರೂ ಹೋಗೋಣ.”

“ಎಲ್ಲಿಗೆ ಬೇಕಾದ್ರೂ ಬರ್ತೀನಿ,” ಎಂದ ಅಪ್ಪ. “ಕೂಗು ಕೇಳಿಸ್ಬೇಕು. ಅಷ್ಟೇ.”

ಪುಷ್ಯ ಮಾಸದಲ್ಲಿ ಮನೆ ಬದಲಾಯಿಸುವಂತಿಲ್ಲ. ಆಷಾಢದಲ್ಲಂತೂ ಮನೆ ನೋಡಲು ಹೊರಡುವುದೂ ಇಲ್ಲ; ಹೊಸ ಮದುವೆಯ ಹೆಣ್ಣನ್ನೇ ತವರಿಗೆ ಕಳಿಸುವ ತಿಂಗಳು ಅದು. ಹಾಗಾಗಿ ಪುಷ್ಯ ಕಳೆಯುವುದನ್ನೇ ಕಾದು ಮಾಘದಲ್ಲಿ ಹೊರಟೆವು. ಅಪ್ಪನಿಗೆ ಒಂದು ವಾರ ಬೆಳಗಿನ ಪಾಳಿ, ಒಂದು ವಾರ ಮಧ್ಯಾಹ್ನದ ಪಾಳಿ. ಮಧ್ಯಾಹ್ನದ ಪಾಳಿಯ ವಾರದಲ್ಲಿ ನಾವು ಮೂವರೂ ನಸುಕಿಗೇ ಎದ್ದು ನಡೆಯುತ್ತಿದ್ದೆವು. ಉಳಿದವರು ಬಾಡಿಗೆ ಮನೆ ನೋಡುವಾಗ ಗೋಡೆ ನೋಡುತ್ತಾರೆ, ಒಲೆ ನೋಡುತ್ತಾರೆ. ಅಪ್ಪ ಬಾಗಿಲ ಮುಂದೆ ಕಣ್ಣು ಮುಚ್ಚಿ, ಕಿವಿಗೆ ಅಂಗೈ ಒಡ್ಡಿ, ಆರೂವರೆಯ ಕೂಗಿಗೆ ಕಾಯುತ್ತ ನಿಲ್ಲುತ್ತಿದ್ದ. ಮನೆಯವರು ಇವನಿಗೆ ತಲೆ ನೆಟ್ಟಗಿಲ್ಲವೇನೋ ಎಂಬಂತೆ ನೋಡುತ್ತಿದ್ದರು. ನನಗಾಗ ಹನ್ನೆರಡು ವರ್ಷ, ನಾಚಿಕೆಯಿಂದ ಸಾಯುವ ಹಾಗಾಗುತ್ತಿತ್ತು.

ಶ್ರೀರಾಮಪುರದಲ್ಲಿ ಕೂಗು ಚೆನ್ನಾಗಿ ಕೇಳಿಸಿತು. ಆದರೆ ನಲ್ಲಿಯ ಮುಂದೆ ಬಿಂದಿಗೆಯ ಸಾಲು ಅಕ್ಕಿಪೇಟೆಗಿಂತ ಉದ್ದವಿತ್ತು. ಅಮ್ಮ ಒಳಗೇ ಹೋಗಲಿಲ್ಲ. ಕಾಮಾಕ್ಷಿಪಾಳ್ಯದಲ್ಲಿ ಕೂಗೂ ಇತ್ತು, ನೀರೂ ಇತ್ತು. ಮನೆಯ ಯಜಮಾನಿ ಅಪ್ಪನ ತಲೆಗೂದಲಿನಲ್ಲಿ ಸಿಕ್ಕಿಕೊಂಡಿದ್ದ ಹತ್ತಿಯ ಎಳೆಯನ್ನೇ ನೋಡುತ್ತ, “ಮಿಲ್ಲಿನೋರಿಗೆ ನಾವು ಕೊಡಲ್ಲಮ್ಮ, ಗುಮಾಸ್ತರಿಗೆ ಅಂತ ಇಟ್ಟಿದೀವಿ,” ಎಂದಳು. ಆಕೆ ಉಟ್ಟಿದ್ದ ಸೀರೆ ಯಾವ ಗುಮಾಸ್ತ ನೇಯ್ದದ್ದೋ! ಅಪ್ಪ ದಾರಿಯುದ್ದಕ್ಕೂ ತಲೆ ಕೊಡವುತ್ತ ಬಂದ.

ಕೊನೆಗೆ ರಾಜಾಜಿನಗರದ ಅಂಚಿನಲ್ಲಿ, ಕೇತಮಾರನಹಳ್ಳಿ ಕಡೆ, ಹೆಂಚಿನ ಮನೆಗಳ ಒಂದು ಸಾಲು ಸಿಕ್ಕಿತು. ಯಜಮಾನರು ಮುನಿವೆಂಕಟಪ್ಪ ಎಂಬ ರೈತರು. ಹೊಲವೆಲ್ಲ ಬಡಾವಣೆಗೆ ಹೋಗಿ, ಉಳಿದ ತುಂಡು ನೆಲದಲ್ಲಿ ನಾಲ್ಕು ಮನೆ ಕಟ್ಟಿದ್ದರು. ನಾಲ್ಕಕ್ಕೂ ಸೇರಿ ಒಂದು ಬಾವಿ. ಅಮ್ಮ ಒಂದು ಕೊಡ ಸೇದಿ, ಬೊಗಸೆಯಲ್ಲಿ ಕುಡಿದು, ಇನ್ನೊಂದು ಬೊಗಸೆ ಮುಖಕ್ಕೆ ಹಾಕಿಕೊಂಡಳು. ಹಿಂದೆ ಯಾರೂ ಕಾಯುತ್ತಿರಲಿಲ್ಲ. ಅವಳು ಮತ್ತೆ ಸೇದಿದಳು, ಸುಮ್ಮನೆ.

“ಇದೇ ನೋಡಿ ನಮ್ಮ ಕಣ ಇದ್ದ ಜಾಗ,” ಎಂದರು ಮುನಿವೆಂಕಟಪ್ಪ. “ಈ ದಿನಗಳಲ್ಲಿ ಇಲ್ಲೇ ರಾಗಿ ತೂರ್ತಿದ್ವಿ. ಮಾಘದ ಮೂಡಗಾಳಿ, ಹೊಟ್ಟೆಲ್ಲ ಆ ಪಡುವಣ ಬದೀಗೆ ಹೋಗಿ ಬೀಳೋದು. ಆಷಾಢದಲ್ಲಿ ಮಾತ್ರ ಗಾಳಿ ತಿರುಗಿ ಜೋರಾಗುತ್ತೆ. ಒಂದೆರಡು ಹೆಂಚು ಹಾರಿದ್ರೆ ನೀವೇ ಜೋಡಿಸ್ಕೋಬೇಕು.”

“ಹೆಂಚು ತಾನೆ, ಜೋಡಿಸ್ಕೊಳ್ಳೋಣ,” ಎಂದ ಅಪ್ಪ. ಅಷ್ಟರಲ್ಲಿ ಮಿಲ್ಲು ಕೂಗಿತು. ಅಷ್ಟು ದೂರದಿಂದಲೂ ಸ್ಪಷ್ಟವಾಗಿ, ಪಕ್ಕದ ಬೀದಿಯಿಂದ ಬಂದ ಹಾಗೆ. ಅಪ್ಪ ಕಣ್ಣು ತೆರೆದ. “ಕೇಳ್ತಾ ಇದೆ ಕಣೇ! ಈ ಬಾವಿಯೊಳಗಿಂದಲೇ ಬಂದಂಗೆ ಕೇಳ್ತಾ ಇದೆ!” ಎಂದು ಕೂಗಿ ಹೇಳಿದ. ಮುನಿವೆಂಕಟಪ್ಪನವರು ನಕ್ಕುಬಿಟ್ಟರು.

ಸುಂಕದಕಟ್ಟೆಯ ಹೊಲದಲ್ಲಿ ಹುಟ್ಟಿ ಬೆಳೆದವನು ನಮ್ಮಪ್ಪ. ಗಾಳಿ ಯಾವ ತಿಂಗಳು ಯಾವ ಕಡೆಯಿಂದ ಬೀಸುತ್ತದೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇಪ್ಪತ್ತೆರಡು ವರ್ಷ ನಾಲ್ಕು ಗೋಡೆಯೊಳಗೆ ಮಗ್ಗ ನೋಡಿಕೊಂಡವನಿಗೆ ಅದು ಮರೆತುಹೋಗಿತ್ತು. ಮಿಲ್ಲು ನಮಗೆ ಮೂಡಣಕ್ಕಿತ್ತು. ಮುನಿವೆಂಕಟಪ್ಪ ಎಲ್ಲವನ್ನೂ ಬಿಡಿಸಿ ಹೇಳಿದ್ದರು. ಅಪ್ಪನ ಕಿವಿಗೆ ಹೆಂಚು ಮಾತ್ರ ಬಿತ್ತು.

ಅದೇ ಮಾಘದಲ್ಲಿ ಹಾಲು ಉಕ್ಕಿಸಿ ಮನೆ ಸೇರಿದೆವು. ನಾವು ಬಿಟ್ಟ ವಠಾರದ ಮನೆಯನ್ನು ಅಂಜಿನಯ್ಯ ಮಾವ ಹಿಡಿದ. ಮಿಲ್ಲಿಗೆ ಈಗ ಮುಕ್ಕಾಲು ಗಂಟೆಯ ನಡಿಗೆ. ಮೊದಲನೇ ಕೂಗಿಗೆ ಎದ್ದರೆ ಸಲೀಸಾಗಿ ಹೋಗಬಹುದಿತ್ತು. ನಾಲ್ಕು ತಿಂಗಳು ಅಪ್ಪ ಹಾಗೇ ಹೋದ. ಅಮ್ಮ ಬಾವಿಯ ಪಕ್ಕ ದಾಸವಾಳ ಹಾಕಿದಳು. ಅವಳು ಹಾಡು ಹೇಳಿಕೊಂಡು ಪಾತ್ರೆ ತೊಳೆದದ್ದನ್ನು ನಾನು ಕೇಳಿದ್ದು ಆ ನಾಲ್ಕು ತಿಂಗಳಲ್ಲೇ.

ಆಷಾಢ ಬಂತು, ಗಾಳಿ ತಿರುಗಿತು. ಆ ಸೋಮವಾರ ಬೆಳಿಗ್ಗೆ ಹೆಂಚುಗಳು ಕಟಕಟ ಎನ್ನುತ್ತಿದ್ದವು, ಮೋಡ ಮುಚ್ಚಿ ಬೆಳಕೇ ಇರಲಿಲ್ಲ. ಹಿಂದಿನ ವಾರವೆಲ್ಲ ಮಧ್ಯಾಹ್ನದ ಪಾಳಿ ಮಾಡಿ ತಡವಾಗಿ ಮಲಗುವ ಅಭ್ಯಾಸವಾಗಿದ್ದ ಮೈ. ಕೂಗು ಇನ್ನೂ ಆಗಿಲ್ಲವೆಂದೇ ಎಲ್ಲರೂ ಮಲಗಿದ್ದೆವು. ಹಾಲಿನವಳು ಬಾಗಿಲು ತಟ್ಟಿದಾಗ ಅಪ್ಪ ಎದ್ದವನು ಮುಖವನ್ನೂ ತೊಳೆಯದೆ ಓಡಿದ. ಅವನು ಹೋಗುವ ಹೊತ್ತಿಗೆ ಗೇಟು ಮುಚ್ಚಿತ್ತು. ಕಂಬಿಯ ಆಚೆ ಅಂಜಿನಯ್ಯ ಮಾವ ಒಳಗೆ ಹೋಗುತ್ತಿದ್ದ, ಅಪ್ಪನ ಮಗ್ಗಕ್ಕೆ. ಮನೆಗೆ ಬಂದ ಅಪ್ಪ ಅದನ್ನು ನಗುನಗುತ್ತಲೇ ಹೇಳಿದ. “ಸದ್ಯ, ಬೇರೆಯೋರ ಪಾಲಾಗ್ಲಿಲ್ಲ.” ಗುರುವಾರ ಮತ್ತೆ ಹಾಗೇ ಆಯಿತು. ಅವತ್ತು ನಗಲಿಲ್ಲ.

ಅಪ್ಪ ಅಂಗಳದಲ್ಲಿ ನಿಂತು ಮೂಡಣಕ್ಕೆ ಕಿವಿಯೊಡ್ಡಿದ್ದನ್ನು ಮುನಿವೆಂಕಟಪ್ಪ ನೋಡಿದರು.

“ಈಗ ಪಡುವಣ ಗಾಳಿ ಅಲ್ವೇನಪ್ಪಾ,” ಎಂದರು. “ನಿಮ್ಮ ಮಿಲ್ಲಿನ ಕೂಗನ್ನ ಆ ಕಡೆಗೇ ಹೊತ್ಕೊಂಡು ಹೋಗುತ್ತೆ. ಶ್ರಾವಣ ಮುಗಿಯೋವರ್ಗೂ ಇಲ್ಲಿಗೆ ಏನೂ ಕೇಳ್ಸಲ್ಲ. ನಾನು ಆಗ್ಲೇ ಹೇಳಿದ್ನಲ್ಲ.”

ಅಪ್ಪನಿಗೆ ಆದ ಅವಮಾನ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಕೂಗಿಗಾಗಿಯೇ ಊರೆಲ್ಲ ಅಲೆದು ಹುಡುಕಿದ ಮನೆಯಲ್ಲಿ ಕೂಗೇ ಇಲ್ಲವೆಂದು ಮಿಲ್ಲಿನಲ್ಲಿ ಯಾರಿಗೆ ಹೇಳುವುದು? ಜ್ವರ ಇತ್ತು ಎಂದು ಎಲ್ಲರಿಗೂ ಹೇಳಿದ.

ಗಡಿಯಾರದ ಮಾತು ಬಂದದ್ದು ಆಗಲೇ. ಮಿಲ್ಲಿನಲ್ಲಿ ಯಾರೋ ಹಳೆಯ ಅಲಾರಂ ಗಡಿಯಾರ ಮಾರುವವರಿದ್ದಾರೆ, ತಂದುಬಿಡುತ್ತೇನೆ ಎಂದ ಅಪ್ಪ. ಬೇಡವೆಂದವಳು ಅಮ್ಮ.

“ನನ್ನ ತಮ್ಮ ಇರೋವಾಗ ಗಡಿಯಾರ ಯಾಕ್ರೀ? ಅವನ ಹತ್ರ ಸೈಕಲ್ ಇದೆ. ಕೂಗಿದ ತಕ್ಷಣ ಬಂದು ಎಬ್ಬಿಸ್ತಾನೆ. ಎರಡು ತಿಂಗಳ ಮಾತಿಗೆ ಗಡಿಯಾರ ತಂದು ಏನ್ಮಾಡೋದು?”

ಅಪ್ಪ ಆಗಲಿ ಎಂದ. ಅಮ್ಮನಿಗೆ ತಮ್ಮನ ಮೇಲಿದ್ದ ನಂಬಿಕೆಗೆ ಅಪ್ಪ ಯಾವತ್ತೂ ಅಡ್ಡ ಬಂದವನಲ್ಲ. ಅದೊಂದನ್ನು ನಾನು ಈಗಲೂ ಕ್ಷಮಿಸಿಲ್ಲ, ಇಬ್ಬರನ್ನೂ.

ಮುಂದಿನ ಬೆಳಗಿನ ಪಾಳಿಯ ವಾರ ಅಂಜಿನಯ್ಯ ಮಾವ ಬಂದ. ಸೋಮವಾರ ಸೈಕಲ್ ಗಂಟೆ ಬಾರಿಸಿಕೊಂಡು ಬಂದು, “ಭಾವ, ಏಳಿ! ಮಿಲ್ಲು ಕೂಗ್ತು!” ಎಂದು ಕಿಟಕಿ ಬಡಿದ. ಅಮ್ಮ ಕಾಫಿ ಕೊಟ್ಟಳು. ಅಪ್ಪನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋದ. ಮಂಗಳವಾರ ಬಂದ, ಬುಧವಾರ ಬಂದ, ಗುರುವಾರ, ಶುಕ್ರವಾರವೂ ಬಂದ. ಎದ್ದು ಕೂತೇ ಇರುತ್ತಿದ್ದ ಅಪ್ಪ ಶುಕ್ರವಾರದ ಹೊತ್ತಿಗೆ ಮೈಮರೆತು ನಿದ್ದೆ ಮಾಡುವ ಹಾಗಾಗಿದ್ದ. ಶನಿವಾರ ಮಾವ ಬರಲಿಲ್ಲ.

ಆ ಶನಿವಾರ ನಮ್ಮನ್ನು ಎಬ್ಬಿಸಿದವಳೂ ಹಾಲಿನವಳೇ. ಅಪ್ಪ ಓಡಲಿಲ್ಲ. ಎದ್ದು, ಹಾಸಿಗೆ ಮಡಚಿ, ಮುಖ ತೊಳೆದು, ನಿಧಾನವಾಗಿ ನಡೆದು ಹೋದ. ಗೇಟಿನಲ್ಲಿ ಮೇಸ್ತ್ರಿ ಅವನ ಹೆಸರನ್ನು ಮೂರು ಸಲ ಕರೆದನಂತೆ. ಆಮೇಲೆ ಬದಲಿಯವರ ಸಾಲಿನತ್ತ ತಿರುಗಿ ಅಂಜಿನಯ್ಯನಿಗೆ ಬಾ ಎಂದು ಕೈ ಮಾಡಿದನಂತೆ. ಎರಡು ವಾರದ ಹಿಂದೆ ಅವನು ಆ ಮಗ್ಗದಲ್ಲಿ ಕೆಲಸ ಮಾಡಿದವನು, ಕೈ ಪಳಗಿದೆ ಎಂಬ ಕಾರಣ. ತಿಂಗಳ ಕೊನೆಗೆ ಮಗ್ಗ ಎರಡೂ ಅವನ ಹೆಸರಿಗೆ ಖಾಯಂ ಆದವು. ಅಪ್ಪ ಬದಲಿಯವರ ಸಾಲಿಗೆ ಬಿದ್ದ.

ಅಮ್ಮ ನನ್ನನ್ನು ಕರೆದುಕೊಂಡು ಅಕ್ಕಿಪೇಟೆಗೆ ಹೋದಳು. ನಮ್ಮ ಹಳೆಯ ಮನೆಯಲ್ಲಿ ಮಾವ ಊಟಕ್ಕೆ ಕೂತಿದ್ದ. ಅಮ್ಮನನ್ನು ನೋಡಿ ಎದ್ದು ನಿಂತ.

“ಟೈರ್ ಪಂಕ್ಚರ್ ಆಗಿತ್ತಕ್ಕ.”

“ನಡ್ಕೊಂಡಾದ್ರೂ ಬರ್ಬಹುದಿತ್ತಲ್ಲೋ.”

“ನಡ್ಕೊಂಡು ಬಂದು ವಾಪಸ್ ಹೋಗೋ ಹೊತ್ಗೆ ನಂಗೂ ಗೇಟು ಮುಚ್ಚೋದು.”

“ನಿಮ್ಮ ಭಾವಂಗೆ ಮುಚ್ಚಿದ್ರೆ ಪರವಾಗಿಲ್ವೇನೋ?”

ಮಾವ ತಲೆ ತಗ್ಗಿಸಿದ. ಆಮೇಲೆ ಎತ್ತಿದ. “ಮೂರು ವರ್ಷ ಆ ಗೇಟಲ್ಲಿ ನಿಂತಿದೀನಿ ಅಕ್ಕ. ದಿನಾ ಬೆಳಿಗ್ಗೆ ಯಾರಾದ್ರೂ ಲೇಟಾಗ್ಲಿ ಅಂತ ದೇವರಿಗೆ ಕೈ ಮುಗೀತಿದ್ದೆ. ಭಾವನೇ ಲೇಟಾಗ್ಲಿ ಅಂತ ಯಾವತ್ತೂ ಮುಗಿದಿಲ್ಲ. ಅಷ್ಟು ಮಾತ್ರ ನಂಬು.”

ಪಂಕ್ಚರ್ ನಿಜವೋ ಸುಳ್ಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಮ್ಮ ಅವನ ಮನೆಯಲ್ಲಿ ನೀರು ಕುಡಿಯದೆ ಹೊರಗೆ ಬಂದಳು. ನಲ್ಲಿಯ ಹತ್ತಿರ ಆ ಪಕ್ಕದ ಮನೆಯಾಕೆ ನಿಂತಿದ್ದಳು. “ಏನ್ ಅಣ್ಣಮ್ಮ, ಹೊಸ ಮನೆ ಚೆನ್ನಾಗಿದ್ಯಾ?” ಎಂದಳು. ಚೆನ್ನಾಗಿದೆ ಎಂದಳು ಅಮ್ಮ.

ಗಡಿಯಾರ ಕೊನೆಗೂ ಬಂತು, ಅಮ್ಮನ ಕಿವಿಯ ಓಲೆ ಹೋಗಿ. ಅದರ ಬಡಿತಕ್ಕೆ ಎದ್ದು ಅಪ್ಪ ದಿನಾ ಎಲ್ಲರಿಗಿಂತ ಮೊದಲು ಗೇಟಿನಲ್ಲಿ ಹೋಗಿ ನಿಲ್ಲತೊಡಗಿದ. ಇಪ್ಪತ್ತೆರಡು ವರ್ಷದ ಖಾಯಮ್ಮಿನವನು ಇಪ್ಪತ್ತೆರಡರ ವಯಸ್ಸಿನವರ ಜೊತೆ ಸಾಲಿನಲ್ಲಿ. ಭಾವನ ಮುಖ ನೋಡಲಾಗದೆ ಅಂಜಿನಯ್ಯ ಮಾವ ಆ ಕಡೆ ತಿರುಗಿಕೊಂಡು ಒಳಗೆ ಹೋಗುತ್ತಿದ್ದನಂತೆ. ವಾರಕ್ಕೆ ಎರಡು ದಿನ ಕೆಲಸ ಸಿಕ್ಕರೆ ಹೆಚ್ಚು. ಅಪ್ಪ ಮಧ್ಯಾಹ್ನದೊಳಗೆ ಮನೆಗೆ ಬಂದನೆಂದರೆ ಅವತ್ತು ಎಲ್ಲರೂ ಸಮಯಕ್ಕೆ ಸರಿಯಾಗಿ ಬಂದಿದ್ದಾರೆ ಎಂದರ್ಥ. ಅಮ್ಮ ದೇವರ ಮುಂದೆ ದೀಪ ಹಚ್ಚಿ ಏನು ಬೇಡಿಕೊಳ್ಳುತ್ತಿದ್ದಳೋ, ಕೇಳುವ ಧೈರ್ಯ ನನಗೆ ಬರಲಿಲ್ಲ. ನಾನೂ ಅದನ್ನೇ ಬೇಡಿಕೊಳ್ಳುತ್ತಿದ್ದೆ.

ಮತ್ತೆ ಮಾಘ ಬಂತು. ಮತ್ತೆ ಮೂಡಗಾಳಿ, ಮತ್ತೆ ಕೂಗು, ಬಾವಿಯೊಳಗಿಂದ ಬಂದಂತೆ. ಒಂದು ಭಾನುವಾರ ಅಪ್ಪ ಸಂತೆಗೆ ಹೋದವನು ಮರಿಯಪ್ಪನವರನ್ನು ಕರೆದುಕೊಂಡು ಬಂದ. ಮಿಲ್ಲಿನಲ್ಲಿ ಅಪ್ಪನ ಮಗ್ಗದ ಪಕ್ಕದಲ್ಲೇ ಹದಿನೈದು ವರ್ಷ ನಿಂತವರು. ಒಂದೇ ಬೀಡಿಯನ್ನು ಇಬ್ಬರೂ ಹಂಚಿಕೊಂಡು ಸೇದುತ್ತಿದ್ದವರು. ಅವರ ಹೆಂಡತಿ ಲಿಂಗಮ್ಮ ಬಾವಿ ಕಂಡದ್ದೇ ತಡ, ಹಗ್ಗ ಹಿಡಿದು ಸೇದಿಯೇಬಿಟ್ಟರು.

“ನಿಮ್ಮ ಪುಣ್ಯ ಕಣಕ್ಕ,” ಎಂದರು ಅಮ್ಮನಿಗೆ. “ನಮ್ಮ ವಠಾರದ ನಲ್ಲೀಲಿ ದಿನಾ ಕೊಲೆ ಒಂದು ಆಗೋದು ಬಾಕಿ.”

ಪಕ್ಕದ ಮನೆ ಖಾಲಿಯಿತ್ತು. ಭಾನುವಾರ ಮಿಲ್ಲು ಕೂಗುವುದಿಲ್ಲ. ಹಾಗಾಗಿ ಮಧ್ಯಾಹ್ನದ ಪಾಳಿಯ ಒಂದು ದಿನ ಮರಿಯಪ್ಪ ಬೆಳಿಗ್ಗೆಯೇ ಮತ್ತೆ ಬಂದರು. ಬದಲಿಯ ಸಾಲಿಗೆ ಆ ದಿನ ಅಪ್ಪ ಹೋಗಲಿಲ್ಲ. ಯಾಕೆ ಹೋಗಲಿಲ್ಲವೆಂದು ನನಗೆ ಆಗ ಹೊಳೆಯಲಿಲ್ಲ.

“ಇಲ್ಲಿಗೆ ಕೂಗು ಕೇಳಿಸ್ತದಾ ಮುನಿಯಪ್ಪಣ್ಣ? ಅದೊಂದು ಗೊತ್ತಾಗ್ಬೇಕು ನೋಡಿ.”

“ನಿಂತ್ಕೊಂಡು ನೀವೇ ಕೇಳಿ,” ಎಂದ ಅಪ್ಪ.

ಮಿಲ್ಲು ಕೂಗಿತು. ಮರಿಯಪ್ಪನವರ ಮುಖ ಅರಳಿತು. “ಅರೆ, ಪಕ್ಕದಲ್ಲೇ ಕೂಗ್ದಂಗಿದೆ! ಮತ್ತೆ ನಿಮಗೆ ತಡ ಆಗಿದ್ದು ಯಾಕೆ?”

“ಜ್ವರ ಇತ್ತಲ್ಲ,” ಎಂದ ಅಪ್ಪ.

ಮುನಿವೆಂಕಟಪ್ಪನವರೂ ಅಲ್ಲೇ ಇದ್ದರು. ಅಪ್ಪನ ಮುಖವನ್ನೊಮ್ಮೆ ನೋಡಿದರು. ಮನೆ ಎರಡು ತಿಂಗಳಿಂದ ಖಾಲಿ ಬಿದ್ದಿತ್ತು. “ಆಷಾಢದಲ್ಲಿ ಸ್ವಲ್ಪ ಗಾಳಿ,” ಎಂದು ಮರಿಯಪ್ಪನವರಿಗೆ ಹೇಳಿದರು. “ಹೆಂಚು ಹಾರಿದ್ರೆ ನೀವೇ ಜೋಡಿಸ್ಕೋಬೇಕು.” ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಏನೋ ಹೇಳುವವಳಂತೆ ಒಂದು ಹೆಜ್ಜೆ ಮುಂದಿಟ್ಟಳು. ಅಪ್ಪ ಅವಳ ಕಡೆ ತಿರುಗಿದ. ಅವನು ಕಣ್ಣಲ್ಲಿ ಏನು ಹೇಳಿದನೋ, ಅವಳು ಕಾಫಿ ಮಾಡಲು ಒಳಗೆ ಹೋದಳು. ನಾನು ಅಂಗಳ ಗುಡಿಸುತ್ತಿದ್ದೆ. ಗುಡಿಸುತ್ತಲೇ ಇದ್ದೆ.

ಆ ಮಾಘದಲ್ಲೇ ಮರಿಯಪ್ಪನವರು ಪಕ್ಕದ ಮನೆ ಸೇರಿದರು. ಆಷಾಢದಲ್ಲಿ ನಮ್ಮ ಮನೆಯ ಅಲಾರಂ ಪಕ್ಕದ ಮನೆಗೆ ಕೇಳಿಸುತ್ತಿತ್ತೇನೋ. ಅಪ್ಪ ಅದನ್ನು ಹಾಸಿಗೆಯ ಒಳಗೆ, ದಿಂಬಿನ ಕೆಳಗೆ ಇಟ್ಟುಕೊಂಡು ಮಲಗತೊಡಗಿದ. ಮರಿಯಪ್ಪನವರ ಕಿಟಕಿಯ ಮುಂದೆ ಚಪ್ಪಲಿ ಕೈಯಲ್ಲಿ ಹಿಡಿದು ದಾಟಿ ಹೋಗುತ್ತಿದ್ದ. ಮೊದಲನೇ ಸಲ ತಡವಾದಾಗ ಮರಿಯಪ್ಪ ನಗುತ್ತಲೇ ಬಂದರು. ಎರಡನೇ ಸಲ ಆದಾಗ ಅಂಗಳದಲ್ಲಿ ನಿಂತು ಮೂಡಣಕ್ಕೆ ಕಿವಿಯೊಡ್ಡಿದರು. ಆಮೇಲೆ ಅಪ್ಪನನ್ನು ನೋಡಿದರು, ತುಂಬ ಹೊತ್ತು. ನಾಳೆಯಿಂದ ನನ್ನನ್ನೂ ಎಬ್ಬಿಸಿ ಎಂದು ಅವರು ಕೇಳಲಿಲ್ಲ. ಎಬ್ಬಿಸುತ್ತೇನೆ ಎಂದು ಅಪ್ಪ ಹೇಳಲೂ ಇಲ್ಲ. ಒಂದು ಗೋಡೆ ಮಧ್ಯೆ, ಕೈ ಎತ್ತಿ ಬಡಿದರೆ ಸಾಕಿತ್ತು. ನಾನೂ ಬಡಿಯಬಹುದಿತ್ತು.

ಮೂರನೇ ಸಲ ಮರಿಯಪ್ಪನವರಿಗೆ ತಡವಾದ ದಿನ, ಹಳೆಯ ಕೈ ಎಂದು ಮೇಸ್ತ್ರಿ ಅಪ್ಪನನ್ನೇ ಕರೆದ. ಶ್ರಾವಣದ ಮೊದಲ ವಾರ ಆ ಮಗ್ಗಗಳು ಅಪ್ಪನ ಹೆಸರಿಗೆ ಖಾಯಂ ಆದವು. ಅದೇ ವಾರ ಮರಿಯಪ್ಪನವರು ಸಾಮಾನು ಗಾಡಿಗೆ ಹೇರಿಸಿ ಹೊರಟರು, ಎಲ್ಲಿಗೆಂದು ಹೇಳಲಿಲ್ಲ. ಲಿಂಗಮ್ಮ ಬಾವಿಯ ಕಟ್ಟೆಯ ಮೇಲೆ ನಮ್ಮ ಹಗ್ಗವನ್ನು ಸುತ್ತಿ ಇಟ್ಟು ಹೋಗಿದ್ದರು.

ಆ ಸಂಜೆ ಅಮ್ಮ ಶಾವಿಗೆ ಪಾಯಸ ಮಾಡಿದಳು, ಗೋಡಂಬಿ ಹಾಕಿ. ಅಪ್ಪ ಎರಡು ಸಲ ಬಡಿಸಿಕೊಂಡು ಉಂಡ. ನಾನೂ ಉಂಡೆ. ಚೆನ್ನಾಗಿತ್ತು.